ಹನ್ನೊಂದು ಮೀಟರಿನ ಅಲೆಗೆ ಒಂದಡಿ ಕೋಲು

2024ರ ಅಕ್ಟೋಬರಿನಲ್ಲಿ ಅಕ್ಕನ ಮಗನ ಜೊತೆ ಅಮೆರಿಕದ ನೆಬ್ರಾಸ್ಕಾ ದಾಟುತ್ತಿದ್ದೆ. ಇಂಟರ್‌ಸ್ಟೇಟ್ 80 ಎಂಬ ಆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ನೋಡಲು ಇರುವುದು ಕೊಯ್ದ ಜೋಳದ ಹೊಲ ಮತ್ತು ಲಾರಿ, ಲಾರಿ, ಲಾರಿ. ನನಗೆ ಬೇಜಾರಾಗಿದೆ ಎಂದು ಗೊತ್ತಾಗಿ ಹುಡುಗ ಹಿಂದಿನ ಸೀಟಿನ ಚೀಲದತ್ತ ಕೈ ತೋರಿಸಿದ. ಒಳಗೆ ಇಟ್ಟಿಗೆಯಷ್ಟು ತೂಕದ ಒಂದು ವಾಕಿಟಾಕಿ ಇತ್ತು.

"ಸಿಬಿ ರೇಡಿಯೋ ಮಾಮ, ಸಿಟಿಜನ್ಸ್ ಬ್ಯಾಂಡ್, ಲೈಸೆನ್ಸ್ ಇಲ್ಲದೆ ಯಾರು ಬೇಕಾದ್ರೂ ಮಾತಾಡಬಹುದು. 19ನೇ ಚಾನೆಲ್ ಹಾಕಿ, ಲಾರಿಯವರ ಮಾತು ಕೇಳಿಸುತ್ತೆ. ಹದಿನೈದು ಮೈಲಿ ಹಿಡಿಯುತ್ತೆ ಅಂತ ಡಬ್ಬಿ ಮೇಲೇ ಬರೆದಿದೆ."

ಹಾಕಿದೆ. ಕಾದ ಎಣ್ಣೆಗೆ ಸಾಸಿವೆ ಬಿದ್ದ ಸದ್ದು. ಲಾರಿಯೊಂದು ಮಗ್ಗುಲಲ್ಲೇ ಹಾದಾಗ ಅರ್ಧ ವಾಕ್ಯ ಕೇಳಿತು, ಲಾರಿ ಮುಂದೆ ಹೋದಂತೆ ಅದೂ ಸಾಸಿವೆಯಲ್ಲಿ ಮುಳುಗಿತು. "ಚೀನಾ ಮಾಲು ಅನ್ನಿಸುತ್ತೆ, ಇದರ ಪವರ್ ಹೆಚ್ಚಿಸೋ ಬೂಸ್ಟರ್ ಸಿಗುತ್ತಂತೆ" ಎಂದ ಹುಡುಗ. ನನಗೆ ರೇಗಿತು. ರೇಡಿಯೋ ಕೆಲಸ ಮಾಡದಿದ್ದರೆ ವ್ಯಾಟ್ ಸಾಲದು ಎನ್ನುವವರು ಊರಿಗೆ ನೂರು ಜನ. ಕೋಲು, ಅಂದರೆ ಆಂಟೆನಾ, ಸಾಲದು ಎನ್ನುವವನು ಒಬ್ಬನೂ ಸಿಗುವುದಿಲ್ಲ.

ಈ ರೇಡಿಯೋದ ಕಂಪನಾಂಕ 27 ಮೆಗಾಹರ್ಟ್ಸ್ ಆಸುಪಾಸು. ರೇಡಿಯೋ ಅಲೆ ಸೆಕೆಂಡಿಗೆ ಓಡುವುದು ಸುಮಾರು 300 ದಶಲಕ್ಷ ಮೀಟರ್; ಆ 300ನ್ನು 27ರಿಂದ ಭಾಗಿಸಿ, ಅಲೆಯ ಉದ್ದ ಸುಮಾರು 11 ಮೀಟರ್. ಒಂದು ಬಸ್ಸಿನಷ್ಟು ಉದ್ದ. ಕಾರಿನ ಕಿಟಕಿ ನಮ್ಮ ಕಣ್ಣಿಗೆ ದೊಡ್ಡದು, ಈ ಅಲೆಗೆ ಅದು ಬರೀ ಬಿರುಕು. ತಗಡಿನ ಡಬ್ಬಿಯೊಳಗೆ ಕೂತು, ಒಂದಡಿ ಉದ್ದದ ರಬ್ಬರ್ ಕೋಲು ಹಿಡಿದುಕೊಂಡು ಹದಿನೈದು ಮೈಲಿ ಕೇಳುವುದೆಂದರೆ ಪೆಟ್ಟಿಗೆಯೊಳಗೆ ಬಚ್ಚಿಟ್ಟುಕೊಂಡು ಜಾತ್ರೆ ನೋಡಿದ ಹಾಗೆ.

ಈ ಸೇವೆಯೇ ಅಮೆರಿಕದ್ದು. ಟೊರೊಂಟೊದಲ್ಲಿ ಹುಟ್ಟಿದ ಆಲ್ ಗ್ರಾಸ್ ಎಂಬಾತ 1938ರ ಹೊತ್ತಿಗೇ ಕೈಯಲ್ಲಿ ಹಿಡಿಯುವ ರೇಡಿಯೋ ಕಟ್ಟಿದ್ದ. ಯುದ್ಧ ಮುಗಿದ ಮೇಲೆ ಸಾಮಾನ್ಯ ಜನರಿಗೂ ಒಂದಿಷ್ಟು ಜಾಗ ಕೊಡೋಣ ಎಂದು ಅಮೆರಿಕದ ರೇಡಿಯೋ ನಿಯಂತ್ರಣ ಸಂಸ್ಥೆ ಎಫ್‌ಸಿಸಿ ಮನಸ್ಸು ಮಾಡಿತು. ಮೊದಲು ಕೊಟ್ಟದ್ದು 460 ಮೆಗಾಹರ್ಟ್ಸಿನ ಆಚೆ. ಅಷ್ಟು ಎತ್ತರದ ಕಂಪನಾಂಕಕ್ಕೆ ಅಗ್ಗದ ಸೆಟ್ ಮಾಡುವುದು ಆ ಕಾಲಕ್ಕೆ ಕಷ್ಟವಿತ್ತು. 1958ರಲ್ಲಿ ಹವ್ಯಾಸಿ ರೇಡಿಯೋದವರಾದ ಹ್ಯಾಮ್‌ಗಳ ಕೈಯಲ್ಲಿದ್ದ 11 ಮೀಟರ್ ಪಟ್ಟಿಯನ್ನು ಕಿತ್ತು 23 ಚಾನೆಲ್ ಮಾಡಿ ಜನರಿಗೆ ಕೊಟ್ಟರು. ಪರೀಕ್ಷೆ ಪಾಸು ಮಾಡಿ ಬಂದ ಹ್ಯಾಮ್‌ಗಳ ಗೊಣಗಾಟ ಇನ್ನೂ ನಿಂತಿಲ್ಲ. ಆಮೇಲೆ 1973ರ ತೈಲ ಬಿಕ್ಕಟ್ಟು. ಹೆದ್ದಾರಿಯಲ್ಲಿ ಗಂಟೆಗೆ 55 ಮೈಲಿ ಮೀರಬಾರದೆಂಬ ಕಾನೂನು ಬಂತು. ಎಲ್ಲಿ ಡೀಸೆಲ್ ಸಿಗುತ್ತದೆ, ಎಲ್ಲಿ ಪೊಲೀಸ್ ನಿಂತಿದ್ದಾನೆ ಎಂದು ಲಾರಿಯವರು ಒಬ್ಬರಿಗೊಬ್ಬರು ಹೇಳಿಕೊಳ್ಳಲು ಶುರುಮಾಡಿದರು, ಅದನ್ನು ಕೇಳಲು ಕಾರಿನವರೂ ಸೆಟ್ ಕೊಂಡರು. 1977ರ ಜನವರಿ 1ರಿಂದ ಚಾನೆಲ್ 40 ಆಯಿತು. ಲೈಸೆನ್ಸ್ ಅರ್ಜಿಗಳ ರಾಶಿಯಲ್ಲಿ ಮುಳುಗಿದ್ದ ಸರ್ಕಾರ 1983ರಲ್ಲಿ ಲೈಸೆನ್ಸನ್ನೇ ಕೈಬಿಟ್ಟಿತು. ಅಲ್ಲಿ 9ನೇ ಚಾನೆಲ್ ಆಪತ್ತಿಗೆ ಮೀಸಲು, 19 ಹೆದ್ದಾರಿಯವರದ್ದು.

ಇರಲಿ, ಕೋಲಿಗೆ ಬರೋಣ. ಈ ಅಲೆಗೆ ಹಿತವಾದ ಆಂಟೆನಾ ಅಲೆಯ ಕಾಲು ಭಾಗ, ಅಂದರೆ 2.75 ಮೀಟರ್. ಜೇಬಿಗೆ ಹೋಗುವುದಿಲ್ಲ. ಆದ್ದರಿಂದ ತಂತಿಯನ್ನು ಸುರುಳಿ ಸುತ್ತಿ ರಬ್ಬರಿನೊಳಗೆ ತುಂಬುತ್ತಾರೆ. ಸುರುಳಿ ಹಾಕಿದರೆ ಉದ್ದ ಉಳಿಯಿತಲ್ಲ ಎಂದುಕೊಳ್ಳಬೇಡಿ. ಉಳಿಯುವುದು ಶ್ರುತಿ ಮಾತ್ರ. ಮದುವೆಮನೆಯ ಕೊಪ್ಪರಿಗೆಯಲ್ಲಿ ಸಾರು ಕುದಿಯುತ್ತಿದೆ ಅನ್ನಿ. ಭಟ್ಟರು ಉದ್ದನೆಯ ಸೌಟಿನಲ್ಲಿ ಒಮ್ಮೆ ತಿರುವಿದರೆ ತಳದ ಬೇಳೆ ಮೇಲೆ ಬರುತ್ತದೆ. ಟೀ ಚಮಚದಲ್ಲಿ ಅಷ್ಟೇ ಜೋರಾಗಿ ತಿರುವಿ: ಕೈ ನೋಯುತ್ತದೆ, ಸಾರು ಮಿಸುಕುವುದಿಲ್ಲ. ಗಿಡ್ಡ ಆಂಟೆನಾದಲ್ಲಿ ಆ ಕೈನೋವೇ ಸುರುಳಿಯ ಬಿಸಿ.

ಲೆಕ್ಕವೂ ಇದನ್ನೇ ಹೇಳುತ್ತದೆ. ಗಿಡ್ಡ ಕೋಲು ಗಾಳಿಗೆ ಶಕ್ತಿ ದಾಟಿಸುವ ತಾಕತ್ತು ಅದರ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಎಂಜಿನಿಯರುಗಳು ಅದನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. 30 ಸೆಂಟಿಮೀಟರಿನ ಕೋಲಿಗೆ ಅದು ಸುಮಾರು 0.3 ಓಮ್. ಸುರುಳಿಯ ಮತ್ತಿತರ ನಷ್ಟ 10 ಓಮ್ ಎಂದಿಟ್ಟುಕೊಳ್ಳಿ. ಆಗ ನೀವು ಕೊಟ್ಟ 4 ವ್ಯಾಟಿನಲ್ಲಿ ಹೊರಗೆ ಹೋಗುವುದು ಒಂದು ವ್ಯಾಟಿನ ಹತ್ತನೇ ಒಂದು ಪಾಲು. ಉಳಿದದ್ದು ಕೋಲಿನಲ್ಲೂ ಸೆಟ್ಟಿನಲ್ಲೂ ಶಾಖ. ಅದೇ ಸೆಟ್ಟಿಗೆ ಒಂದೂವರೆ ಮೀಟರಿನ, ಎಳೆದರೆ ಉದ್ದವಾಗುವ ಲೋಹದ ಕಡ್ಡಿ ಹಾಕಿ. 0.3 ಇದ್ದದ್ದು 7 ದಾಟುತ್ತದೆ, ಹೊರಗೆ ಹೋಗುವುದು ಒಂದೂವರೆ ವ್ಯಾಟಿಗೂ ಹೆಚ್ಚು. ಬ್ಯಾಟರಿ ಅದೇ, ಸೆಟ್ ಅದೇ. ಹದಿನೈದು ಪಟ್ಟು ಸಿಕ್ಕಿದ್ದು ಕೋಲಿನಿಂದ. ಬೂಸ್ಟರ್ ಹಾಕುವುದು ಅಮೆರಿಕದಲ್ಲೂ ಅಪರಾಧ, ಕೋಲು ಎಳೆಯುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಇನ್ನೊಂದು ಗುಟ್ಟಿದೆ, ನನಗೆ ಬಹಳ ಪ್ರಿಯವಾದದ್ದು. ಕೋಲು ಆಂಟೆನಾದ ಅರ್ಧ ಮಾತ್ರ. ವಿದ್ಯುತ್ತು ಕೋಲಿನೊಳಕ್ಕೆ ನುಗ್ಗಬೇಕಾದರೆ ಇನ್ನೊಂದು ಕಡೆಯಿಂದ ಅಷ್ಟೇ ವಿದ್ಯುತ್ತು ಬರಬೇಕು. ಬಂಡೆಯ ಮೇಲಿಂದ ಹೊಳೆಗೆ ಹಾರಿದವನು ದೂರ ಬೀಳುತ್ತಾನೆ. ಹರಿಗೋಲಿನಿಂದ ಹಾರಿದವನು ಹರಿಗೋಲನ್ನೇ ಹಿಂದಕ್ಕೆ ಒದ್ದು ಬುಡದಲ್ಲೇ ಬೀಳುತ್ತಾನೆ. ಕಾರಿನ ಚಾವಣಿಗೆ ಅಂಟಿಸಿದ ಆಂಟೆನಾಕ್ಕೆ ಆ ತಗಡೇ ಬಂಡೆ. ಕೈಸೆಟ್ಟಿಗೆ ಬಂಡೆ ಯಾವುದು? ನೀವೇ! ಸೆಟ್ ಹಿಡಿದ ಅಂಗೈ, ತೋಳು, ಮೈ. ಮೇಜಿನ ಮೇಲಿಟ್ಟು ಇಯರ್‌ಫೋನಿನಲ್ಲಿ ಕೇಳುವವರಿಗೆ ದನಿ ಕ್ಷೀಣಿಸುವುದು ಇದರಿಂದಲೇ, ಮುಟ್ಟಿದ ಕೂಡಲೇ ಸರಿಹೋಗುತ್ತದೆ. ಅದರಲ್ಲಿ ಪವಾಡವೇನೂ ಇಲ್ಲ. ಬಲ್ಲವರು ಆಂಟೆನಾದ ಬುಡದ ಹೊರಲೋಹಕ್ಕೆ 2.75 ಮೀಟರ್ ತಂತಿಯೊಂದನ್ನು ಬಾಲದಂತೆ ಜೋತುಬಿಡುತ್ತಾರೆ. ನೋಡುವವರಿಗೆ ನಗು ಬರುತ್ತದೆ. ಕೇಳುವವರಿಗೆ ಮಾತು ಸಿಗುತ್ತದೆ.

ಗೆಳೆಯ ಇರುವ ದಿಕ್ಕಿಗೆ ಕೋಲನ್ನು ಬಂದೂಕಿನಂತೆ ಗುರಿಯಿಡುವವರನ್ನು ನೋಡಿದ್ದೇನೆ. ತುದಿಯಿಂದ ಅಲೆ ಹೊರಡುವುದೇ ಇಲ್ಲ. ಆಂಟೆನಾ ನೇರ ನಿಂತಾಗ ಅಲೆ ಹರಡುವ ಆಕಾರ ಉದ್ದಿನವಡೆಯದು, ಕೋಲು ಇರುವುದು ವಡೆಯ ತೂತಿನಲ್ಲಿ. ತುದಿ ಯಾರ ಕಡೆಗೆ ತೋರಿಸಿದಿರೋ ಅವನಿಗೆ ತೂತೇ ಗತಿ. ಈಶಾನ್ಯಕ್ಕೆ ಮುಖಮಾಡಿ ಹಿಡಿದರೆ ಒಳ್ಳೆಯದೇ ಎಂದು ಒಬ್ಬರು ಗಂಭೀರವಾಗಿ ಕೇಳಿದ್ದರು. ನೆಟ್ಟಗೆ ನಿಲ್ಲಿಸಿ, ವಾಸ್ತು ತಾನೇ ಸರಿಹೋಗುತ್ತದೆ ಎಂದೆ.

ಉಳಿದ ಹೊಂದಾಣಿಕೆ ಐದು ನಿಮಿಷದ್ದು. ಆಂಟೆನಾ ತಿರುಗಿಸಿ ಭದ್ರ ಮಾಡದೆ ಮಾತಿನ ಗುಂಡಿ ಒತ್ತಬೇಡಿ. ಹೋಗಲು ದಾರಿಯಿಲ್ಲದ ಶಕ್ತಿ ಸೆಟ್ಟಿನ ಟ್ರಾನ್ಸಿಸ್ಟರನ್ನೇ ಸುಡಬಹುದು. ಸ್ಕ್ವೆಲ್ಚ್ ಎಂಬ ತಿರುಪು ಹೊಸ್ತಿಲಿದ್ದ ಹಾಗೆ: ಎತ್ತರಿಸಿದಷ್ಟೂ ಗದ್ದಲ ಒಳಗೆ ಬರದು, ದೂರದಿಂದ ತೆವಳಿಕೊಂಡು ಬಂದ ಕ್ಷೀಣ ದನಿಯೂ ಬರದು. ಭುಸ್ ಸದ್ದು ಆಗಷ್ಟೇ ನಿಂತ ಜಾಗದಲ್ಲಿ ಬಿಡಿ. ಬಾಯಿಂದ ನಾಲ್ಕು ಬೆರಳು ದೂರ ಹಿಡಿದು, ಗುಂಡಿ ಒತ್ತಿ, ಒಂದು ಉಸಿರು ಬಿಟ್ಟು ಮಾತಾಡಿ, ಇಲ್ಲವಾದರೆ ಮೊದಲ ಪದ ನಿಮ್ಮಲ್ಲೇ ಉಳಿಯುತ್ತದೆ. ಕಿರುಚಬೇಡಿ. ಹತ್ತಿರದವರೊಡನೆ ಮಾತಾಡುವಾಗ 4 ವ್ಯಾಟಿನ ಬದಲು 1 ವ್ಯಾಟಿಗೆ ಇಳಿಸಿ. ಆ ಕಡೆಯವರ ಸಿಗ್ನಲ್ ಮೀಟರಿನ ಮುಳ್ಳು ಲೆಕ್ಕದ ಪ್ರಕಾರ ಒಂದೇ ಒಂದು ಅಂಕಿ ಕೆಳಗಿಳಿಯುತ್ತದೆ. ಕೈಸೆಟ್ಟಿನಿಂದ ಕೈಸೆಟ್ಟಿಗೆ ಬಯಲಿನಲ್ಲಿ ಎರಡು ಮೂರು ಕಿಲೋಮೀಟರ್ ಸಿಕ್ಕರೆ ಪುಣ್ಯ.

ನಮ್ಮಲ್ಲಿ? 26.957ರಿಂದ 27.283 ಮೆಗಾಹರ್ಟ್ಸ್‌ವರೆಗೆ, 5 ವ್ಯಾಟ್ ಮೀರದ, ಆಂಟೆನಾ ಸೆಟ್ಟಿನಲ್ಲೇ ಕೂಡಿಕೊಂಡಿರುವ ಉಪಕರಣಕ್ಕೆ ಭಾರತ ಸರ್ಕಾರ 2005ರಲ್ಲೇ ಲೈಸೆನ್ಸ್ ಬೇಡವೆಂದಿದೆ. ಇದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಹಾಗೆಂದು ಅಮೆರಿಕದ ಸೆಟ್ಟನ್ನು ಸೂಟ್‌ಕೇಸಿಗೆ ತುಂಬಿಕೊಂಡು ಬರಬೇಡಿ. ಅಲ್ಲಿನ 28ನೇ ಚಾನೆಲ್ 27.285ರಲ್ಲಿದೆ, ನಮ್ಮ ಗೆರೆಯ ಆಚೆ. ಅಲ್ಲಿಂದ 40ರವರೆಗೆ ಎಲ್ಲವೂ ಹೊರಗೆ. ತಿರುಗಿಸಿ ತೆಗೆಯುವ ಆಂಟೆನಾ, ಜೋತುಬಿಟ್ಟ ಬಾಲ, ಇವೂ ನಿಯಮಕ್ಕೆ ಹೊಂದವು. ಆ ವಿಚಿತ್ರ ಅಂಕಿಗಳ ನಟ್ಟನಡುವೆ 27.12 ಇದೆ. ಮೊಣಕಾಲಿಗೆ ಶಾಖ ಕೊಡುವ ಫಿಸಿಯೋಥೆರಪಿಯ ಡಯಾಥರ್ಮಿ ಯಂತ್ರ ಓಡುವುದು ಅಲ್ಲಿ, ಪ್ಲಾಸ್ಟಿಕ್ ಹಾಳೆ ಬೆಸೆಯುವ ಯಂತ್ರವೂ ಅಲ್ಲೇ. ಮಕ್ಕಳ ರಿಮೋಟ್ ಕಾರುಗಳೂ ಅದೇ ಓಣಿಯವು. ನೂರಾರು ವ್ಯಾಟ್ ಶಾಖವನ್ನು ದುಡ್ಡು ಕೊಟ್ಟು ಮಂಡಿಗೆ ಹಾಕಿಸಿಕೊಂಡು ಬಂದವರೇ ವಾಕಿಟಾಕಿಯ ನಾಲ್ಕು ವ್ಯಾಟಿಗೆ "ರೇಡಿಯೇಷನ್ ಕಣ್ರೀ" ಎಂದು ಹೆದರುತ್ತಾರೆ.

ನೆಬ್ರಾಸ್ಕಾಕ್ಕೆ ವಾಪಸ್. ಮಧ್ಯಾಹ್ನ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಕೆಳಗಿಳಿದೆವು. ಚೀಲದ ತಳದಲ್ಲಿ, ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದ ಉದ್ದನೆಯ ಕಡ್ಡಿ ಸಿಕ್ಕಿತು. ಸೆಟ್ಟಿನ ಜೊತೆಗೇ ಬಂದಿತ್ತಂತೆ. ಹಾಕಿ ಎಳೆದೆ. 19ರಲ್ಲಿ ಮಾತೇ ಮಾತು. ಲಾರಿ ತೂಗುವ ವೇಬ್ರಿಡ್ಜ್ ತೆರೆದಿದೆಯೇ ಎಂದು ಒಬ್ಬ ಕೇಳಿದ, ಇನ್ನಿಬ್ಬರು ಪಂಜಾಬಿಯಲ್ಲಿ ನಗುತ್ತಿದ್ದರು.

ಸುಮ್ಮನೆ ಚಾನೆಲ್ ತಿರುಗಿಸಿದೆ. ಅಲೆಯಂತೆ ಏರುತ್ತ ಇಳಿಯುತ್ತ ಸ್ಪ್ಯಾನಿಷ್ ದನಿಯೊಂದು ಬಂತು. ಅಂಥ ಏರಿಳಿತ ಪಕ್ಕದ ಲಾರಿಯದಲ್ಲ. ಮೇಲೆ, ಇನ್ನೂರು ಮುನ್ನೂರು ಕಿಲೋಮೀಟರ್ ಎತ್ತರದಲ್ಲಿ, ಬಿಸಿಲು ಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು ಹರಡಿದ ಪದರವಿದೆ. ಎಲೆಕ್ಟ್ರಾನು ದಟ್ಟವಾದರೆ ಮಾತ್ರ 27 ಮೆಗಾಹರ್ಟ್ಸಿನಂಥ ಅಲೆ ಅಲ್ಲಿ ಬಾಗಿ ನೆಲಕ್ಕೆ ಮರಳುತ್ತದೆ, ಮಧ್ಯದ ಸಾವಿರ ಕಿಲೋಮೀಟರನ್ನು ನೆಗೆದುಬಿಟ್ಟು. ದಟ್ಟವಾಗುವುದು ಸೂರ್ಯನ ಮೇಲೆ ಕಲೆಗಳು ಹೆಚ್ಚಿದಾಗ, ಸುಮಾರು ಹನ್ನೊಂದು ವರ್ಷಕ್ಕೊಮ್ಮೆ. ನಮ್ಮ ಕೊಡೈಕನಾಲಿನ ವೀಕ್ಷಣಾಲಯ ನೂರು ವರ್ಷಕ್ಕೂ ಮೀರಿ ಆ ಕಲೆಗಳ ಚಿತ್ರ ತೆಗೆಯುತ್ತ ಬಂದಿದೆ. 1909ರಲ್ಲಿ ಜಾನ್ ಎವರ್‌ಶೆಡ್ ಕಲೆಯ ಅಂಚಿನಲ್ಲಿ ಅನಿಲ ಹೊರಕ್ಕೆ ಹರಿಯುವುದನ್ನು ಕಂಡದ್ದು ಅಲ್ಲಿಯೇ. ಸೂರ್ಯ ಈ ಸುತ್ತಿನ ಉತ್ತುಂಗದಲ್ಲಿದ್ದಾನೆ ಎಂದು ನಾಸಾ ಹೇಳಿದ್ದು ಅದೇ ಅಕ್ಟೋಬರಿನಲ್ಲಿ. ಸೂರ್ಯನ ಕಲೆ ಯಾರ ಮದುವೆಯನ್ನೂ ತಡೆಯುವುದಿಲ್ಲ. ಯಾವ ದೇಶದವನ ದನಿ ಯಾರ ಅಂಗೈಗೆ ಬರಬೇಕೆಂಬುದನ್ನು ಮಾತ್ರ ಅದು ನಿರ್ಧರಿಸುತ್ತದೆ.

"ಹಾಗಾದ್ರೆ ಹದಿನೈದು ಮೈಲಿ ಅಂತ ಬರೆದಿದ್ದು ಕಮ್ಮೀನೇ ಅಲ್ವಾ ಮಾಮ?" ಎಂದ ಹುಡುಗ, ಡಬ್ಬಿಯವರ ಪರ ವಹಿಸಿ. ಸೆಟ್ ಕಸಿದುಕೊಂಡು, ಶಾಲೆಯಲ್ಲಿ ಕಲಿತಿದ್ದ ನಾಲ್ಕು ಸ್ಪ್ಯಾನಿಷ್ ಪದ ಜೋಡಿಸಿಕೊಂಡು ಗುಂಡಿ ಒತ್ತಿದ. ಪರದೆಯ ದೀಪ ಮಂಕಾಯಿತು, ಒಮ್ಮೆ ಮಿನುಗಿತು, ಆರಿಹೋಯಿತು. ಬೆಳಗಿನಿಂದ ಸಾಸಿವೆ ಸಿಡಿಸುತ್ತಿದ್ದ ಪೆನ್ಸಿಲ್ ಸೆಲ್ಲುಗಳಲ್ಲಿ ಕೇಳುವಷ್ಟು ಮಾತ್ರ ಜೀವ ಉಳಿದಿತ್ತು.