ಮರಸೌತೆ ನಿಜಕ್ಕೂ ಸೌತೆಯ ನೆಂಟನೇ?

ಪ್ರಶ್ನೆ: ಆಫ್ರಿಕಾದ ಮರವೊಂದರಲ್ಲಿ ದಪ್ಪ ಸೌತೆಕಾಯಿಗಳನ್ನು ಹಗ್ಗ ಕಟ್ಟಿ ಇಳಿಬಿಟ್ಟಂತಿರುವ ಚಿತ್ರ ನೋಡಿದೆ. ಕೆಳಗೆ ‘ಮರಸೌತೆ’ ಎಂದು ಬರೆದಿತ್ತು. ಇದು ಸೌತೆಯ ಜಾತಿಗೇ ಸೇರಿದ್ದೇ?

ಉತ್ತರ: ಅಲ್ಲ. ಸೌತೆ ಇರುವುದು ಹೆಸರಿನಲ್ಲಷ್ಟೇ. ಸಸ್ಯಶಾಸ್ತ್ರಜ್ಞರು ಕಿಗೇಲಿಯಾ ಆಫ್ರಿಕಾನಾ ಎಂದು ಕರೆಯುವ ಈ ಮರ ಬಿಗ್ನೋನಿಯೇಸಿ ಕುಟುಂಬದ್ದು. ಜಕರಂಡ, ಟಬೆಬುಯಾ, ಆಕಾಶಮಲ್ಲಿಗೆ ಇದರ ನೆಂಟರು. ಇನ್ನೊಂದು ಮೆಟ್ಟಿಲು ಹಿಂದಕ್ಕೆ ಹೋದರೆ ಎಳ್ಳು, ತುಳಸಿಗಳೂ ಇದೇ ಬಳಗಕ್ಕೆ ಬರುತ್ತವೆ. ಅಂದರೆ ಸೌತೆಗಿಂತ ತುಳಸಿಯೇ ಇದಕ್ಕೆ ಹತ್ತಿರ!

ಕಾಯಿಯ ಆಕಾರವನ್ನು ನಂಬಿ ನೆಂಟಸ್ತನ ಹುಡುಕಿದರೆ ಮೋಸಹೋಗುತ್ತೇವೆ, ಹೂವನ್ನು ಕೇಳಬೇಕು. ಸೌತೆಬಳ್ಳಿಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಹೆಣ್ಣು ಹೂ ಅರಳುವ ಮೊದಲೇ ಅದರ ಎಸಳುಗಳ ಕೆಳಗೆ ಪುಟ್ಟ ಹೀಚು ಕುಳಿತಿರುತ್ತದೆ. ಮರಸೌತೆಯದು ಕಹಳೆಯಂತೆ ಬಾಯ್ದೆರೆದ, ಕಪ್ಪುಗೆಂಪಿನ ದೊಡ್ಡ ಹೂ. ಎಸಳುಗಳು ಒಂದಕ್ಕೊಂದು ಬೆಸೆದುಕೊಂಡಿವೆ, ಗಂಡು ಹೆಣ್ಣು ಭಾಗಗಳೆರಡೂ ಒಂದೇ ಹೂವಿನಲ್ಲಿವೆ, ಮುಂದೆ ಕಾಯಿಯಾಗುವ ಅಂಡಾಶಯ ಹೂವಿನ ಒಳಗೇ ಅಡಗಿದೆ. ಜಕರಂಡದ ಹೂವನ್ನು ಬಿಡಿಸಿ ನೋಡಿದವರಿಗೆ ಈ ರಚನೆಯ ಗುರುತು ಹತ್ತುತ್ತದೆ.

ಹೂ ಅರಳುವುದು ರಾತ್ರಿ. ನಮ್ಮ ಮೂಗಿಗೆ ಹಿತವಲ್ಲದ ಅದರ ವಾಸನೆ ಬಾವಲಿಗಳಿಗೆ ಕರೆಯೋಲೆ. ಎಲೆಗಳ ಗೊಂದಲವಿಲ್ಲದೆ ಅವು ಬಂದು ಎರಗಲು ಅನುಕೂಲವಾಗುವಂತೆ ಹೂಗೊಂಚಲುಗಳು ಉದ್ದನೆಯ ತೊಟ್ಟಿನ ತುದಿಯಲ್ಲಿ ಕೆಳಗೆ ಜೋತಾಡುತ್ತವೆ. ನೀವು ಹಗ್ಗ ಎಂದುಕೊಂಡದ್ದು ಆ ತೊಟ್ಟನ್ನೇ. ಮುಂದೆ ಕಾಯಿಯ ಭಾರ ಹೊರುವುದೂ ಅದೇ. ಭಾರವೂ ಸಣ್ಣದಲ್ಲ: ಕಾಯಿ ಅರ್ಧ ಮೀಟರಿಗೂ ಮೀರಿ ಬೆಳೆಯುವುದುಂಟು, 5ರಿಂದ 10 ಕಿಲೋ ತೂಗುವುದುಂಟು. ಕಾಯಿ ಬಲಿತ ಕಾಲದಲ್ಲಿ ಇದರ ಬುಡದಲ್ಲಿ ಗುಡಾರ ಹಾಕುವುದು ಬುದ್ಧಿವಂತಿಕೆಯಲ್ಲ.

ನನ್ನ ಕುತೂಹಲವೆಲ್ಲ ಇದರ ನಡತೆಯ ಮೇಲೆ. ಈ ಕುಟುಂಬದ ಹೆಚ್ಚಿನ ಮರಗಳಲ್ಲಿ ಕಾಯಿ ಒಣಗಿ ಬಿರಿಯುತ್ತದೆ, ಕಾಗದದಷ್ಟು ತೆಳ್ಳಗಿನ ರೆಕ್ಕೆಯುಳ್ಳ ಬೀಜಗಳು ಗಾಳಿಯಲ್ಲಿ ಹಾರಿಹೋಗುತ್ತವೆ. ಮರಸೌತೆಯ ಕಾಯಿ ಬಿರಿಯುವುದೇ ಇಲ್ಲ, ಬೀಜಕ್ಕೆ ರೆಕ್ಕೆಯೂ ಇಲ್ಲ. ಗಾಳಿಯನ್ನು ಬಿಟ್ಟು ಇದು ಆನೆಯನ್ನು ನೆಚ್ಚಿಕೊಂಡಿದೆ. ಆನೆ, ನೀರಾನೆ, ಬಬೂನ್‌ಗಳು ಬಿದ್ದ ಕಾಯಿಯನ್ನು ತಿನ್ನುತ್ತವೆ. ಬೀಜ ಲದ್ದಿಯೊಂದಿಗೆ ಬೇರೆಡೆ ಬೀಳುತ್ತದೆ. ಇದೇ ಕುಟುಂಬದಲ್ಲಿ ಅಮೆರಿಕ ಖಂಡದ ಕ್ರೆಸೆಂಟಿಯಾ ಕೂಡ ಬಿರಿಯದ ದೊಡ್ಡ ಕಾಯಿ ಬಿಡುತ್ತದೆ; ಅದರ ಗಟ್ಟಿ ಕರಟದಿಂದ ಅಲ್ಲಿನವರು ಬಟ್ಟಲು ಮಾಡಿಕೊಳ್ಳುತ್ತಾರೆ. ಎರಡೂ ಒಂದೇ ಕುಟುಂಬದ ದೂರದೂರದ ಕವಲುಗಳು, ದೊಡ್ಡ ಕಾಯಿಯ ದಾರಿಯನ್ನು ಬೇರೆಬೇರೆಯಾಗಿಯೇ ಹಿಡಿದವು. ಅಮೆರಿಕದ ಆ ಕಾಯಿಗಳನ್ನು ತಿನ್ನುತ್ತಿದ್ದ ಆನೆಯಂಥ ಪ್ರಾಣಿಗಳು ಅಳಿದುಹೋಗಿವೆ ಎಂಬ ವಾದವನ್ನು 1982ರಲ್ಲಿ ಜಾನ್ಜೆನ್ ಮತ್ತು ಮಾರ್ಟಿನ್ ಎಂಬ ವಿಜ್ಞಾನಿಗಳು ಮುಂದಿಟ್ಟರು.

ಸೌತೆಯೆಂದು ಹೆಚ್ಚಿ ತಿನ್ನಲು ಹೋಗಬೇಡಿ. ಹಸಿ ಕಾಯಿ ಮನುಷ್ಯರಿಗೆ ವಿಷ, ಭೇದಿ ಹಿಡಿಸುತ್ತದೆ. ಕೆನ್ಯಾದ ಕಿಕುಯು ಜನ ಇದನ್ನು ಸೀಳಿ ಒಣಗಿಸಿ, ಜೇನಿನ ನೀರು ಹುಳಿಯಲು ಬಳಸಿ ‘ಮುರಾಟಿನಾ’ ಎಂಬ ಮದ್ಯ ತಯಾರಿಸುತ್ತಾರೆ.

ಸೌತೆ ಕುಟುಂಬದ ಮರವನ್ನೇ ನೋಡುವ ಆಸೆಯಿದ್ದರೆ ಯೆಮನ್ ದೇಶದ ಸೊಕೋಟ್ರಾ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಡೆಂಡ್ರೊಸಿಸಿಯೋಸ್ ಆ ಕುಟುಂಬದಲ್ಲಿ ಮರವಾಗಿ ಬೆಳೆಯುವ ಏಕೈಕ ಸಸ್ಯ. ಕಾಂಡ ಊದಿಕೊಂಡ ಪೀಪಾಯಿಯಂತಿರುತ್ತದೆ. ಅದರ ಕಾಯಿ ಮಾತ್ರ ಕೆಲವೇ ಸೆಂಟಿಮೀಟರು.