ವೈರಸ್ ಒಂದೇ, ಅಕ್ಕನ ಲಿವರ್ ಮಾತ್ರ ಯಾಕೆ ಕೆಟ್ಟಿತು?

ಪ್ರಶ್ನೆ: ನಮ್ಮ ಅಮ್ಮನಿಗೂ ಅವರ ಅಕ್ಕ, ಅಂದರೆ ನಮ್ಮ ದೊಡ್ಡಮ್ಮನಿಗೂ ಹೆಪಟೈಟಿಸ್ ಸಿ ಇದೆ. ಇಬ್ಬರಿಗೂ 1990ರ ದಶಕದ ಆರಂಭದಲ್ಲಿ, ಹೆರಿಗೆಯ ಹೊತ್ತಿನಲ್ಲಿ ರಕ್ತ ಕೊಟ್ಟಿದ್ದರಂತೆ. ದೊಡ್ಡಮ್ಮನಿಗೆ ಈಗ ಸಿರೋಸಿಸ್ (ಲಿವರ್ ಗಟ್ಟಿಕಟ್ಟುವುದು) ಆಗಿ ಹೊಟ್ಟೆಯಲ್ಲಿ ನೀರು ತುಂಬುತ್ತಿದೆ. ಅಮ್ಮನ ಲಿವರ್ ಸ್ಕ್ಯಾನ್‌ನಲ್ಲಿ ಚೆನ್ನಾಗಿಯೇ ಕಾಣುತ್ತಿದೆ. ಇಬ್ಬರೂ ಒಂದು ತೊಟ್ಟು ಕುಡಿದವರಲ್ಲ. ಈ ವ್ಯತ್ಯಾಸ ಜೀನ್‌ನಿಂದ ಬಂದಿದ್ದೇ? ಮಕ್ಕಳಾದ ನಾವು ಜೀನ್ ಪರೀಕ್ಷೆ ಮಾಡಿಸಿಕೊಳ್ಳಬೇಕೇ?

ಉತ್ತರ: ಜೀನ್‌ಗೆ ಇದರಲ್ಲಿ ಪಾಲಿದೆ, ಆದರೆ ಎಲ್ಲ ಪಾಲೂ ಅದರದ್ದಲ್ಲ. ಜೀನ್ ಪರೀಕ್ಷೆ ನಿಮಗೆ ಬೇಡ. ನೀವು ಮಾಡಿಸಬೇಕಾದ ಪರೀಕ್ಷೆ ಬೇರೆ ಇದೆ, ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಮೊದಲು ದೊಡ್ಡಮ್ಮನ ಬಗ್ಗೆ ಒಂದು ಮಾತು. ಲಿವರ್ ಕೆಟ್ಟವರನ್ನು ಕಂಡರೆ ನಮ್ಮ ಜನ ತಕ್ಷಣ ತಪ್ಪು ಹುಡುಕಲು ಶುರುಮಾಡುತ್ತಾರೆ. ಪಥ್ಯ ಮಾಡಲಿಲ್ಲ, ಮಾತ್ರೆ ಜಾಸ್ತಿ ನುಂಗಿದಳು, ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲ, ಹೀಗೆ. ಗಂಡಸಾಗಿದ್ದರೆ ಗುಟ್ಟಾಗಿ ಕುಡಿಯುತ್ತಿದ್ದನೇನೋ ಎಂದೂ ಸೇರಿಸುತ್ತಾರೆ. ಒಂದೇ ವೈರಸ್ ಹೊಕ್ಕ ಇಬ್ಬರ ಗತಿ ಬೇರೆಬೇರೆ ಆಗುವುದಕ್ಕೆ ಯಾರ ತಪ್ಪೂ ಬೇಕಿಲ್ಲ. ಇದನ್ನು ಜಗತ್ತಿಗೆ ಅತ್ಯಂತ ಸ್ಪಷ್ಟವಾಗಿ ತೋರಿಸಿಕೊಟ್ಟವರು ಐರ್ಲೆಂಡಿನ ತಾಯಂದಿರು. ಅವರದ್ದೂ ಹೆರಿಗೆಯ ಕತೆಯೇ.

ರಕ್ತದ ಗುಂಪು ನೆಗೆಟಿವ್ ಇರುವ ತಾಯಿಗೆ ಪಾಸಿಟಿವ್ ಮಗು ಹುಟ್ಟಿದಾಗ ಆಂಟಿ-ಡಿ ಎಂಬ ಇಂಜೆಕ್ಷನ್ ಕೊಡುತ್ತಾರೆ. ನಮ್ಮಲ್ಲೂ ಕೊಡುತ್ತಾರೆ. ಅದನ್ನು ತಯಾರಿಸುವುದು ದಾನಿಗಳ ರಕ್ತದ ಪ್ಲಾಸ್ಮಾದಿಂದ. 1977-78ರಲ್ಲಿ ಐರ್ಲೆಂಡಿನಲ್ಲಿ ಹಂಚಿದ ಆಂಟಿ-ಡಿಯ ಕೆಲವು ಬ್ಯಾಚ್‌ಗಳಲ್ಲಿ ಹೆಪಟೈಟಿಸ್ ಸಿ ವೈರಸ್ ಸೇರಿಹೋಗಿತ್ತು. ಆ ವೈರಸ್‌ಗೆ ಆಗಿನ್ನೂ ಹೆಸರೇ ಇರಲಿಲ್ಲ, ಅದನ್ನು ಗುರುತಿಸಿದ್ದೇ 1989ರಲ್ಲಿ. ಐರ್ಲೆಂಡಿನ ಅನಾಹುತ ಬಯಲಿಗೆ ಬಂದದ್ದು 1994ರಲ್ಲಿ. ಆಂಟಿ-ಡಿ ಪಡೆದಿದ್ದ 62,667 ಹೆಂಗಸರನ್ನು ಕರೆಸಿ ಪರೀಕ್ಷಿಸಿದರು. 704 ಮಂದಿಯ ರಕ್ತದಲ್ಲಿ ಸೋಂಕಿನ ಗುರುತು ಸಿಕ್ಕಿತು.

ಆ 704 ಮಂದಿಯಲ್ಲಿ ವೈರಸ್ ಇನ್ನೂ ಉಳಿದಿದ್ದದ್ದು 390 ಮಂದಿಯಲ್ಲಿ ಮಾತ್ರ. ಉಳಿದವರ ದೇಹ ಯಾವ ಔಷಧವೂ ಇಲ್ಲದೆ, ಅವರಿಗೇ ತಿಳಿಯದಂತೆ ಅದನ್ನು ತೊಳೆದು ಹಾಕಿತ್ತು. ವೈರಸ್ ಉಳಿದವರ ಪೈಕಿ 363 ಮಂದಿಯ ಲಿವರಿನ ಚೂರು ತೆಗೆದು ನೋಡಿದರು. ಸೋಂಕು ತಗುಲಿ ಆಗಲೇ ಸುಮಾರು 17 ವರ್ಷ ಕಳೆದಿತ್ತು. ಹೆಚ್ಚುಕಡಿಮೆ ಎಲ್ಲರ ಲಿವರಿನಲ್ಲೂ ಉರಿಯೂತವಿತ್ತು. ಅರ್ಧದಷ್ಟು ಜನರಲ್ಲಿ ಒಂದಿಷ್ಟು ಗಾಯದ ನಾರು ಕಟ್ಟಿತ್ತು. ಸಿರೋಸಿಸ್ ಆಗಿದ್ದದ್ದು, ಅನುಮಾನದವರನ್ನೂ ಸೇರಿಸಿದರೆ, 7 ಮಂದಿಗೆ.

ಎಲ್ಲರೂ ಹೆಂಗಸರು, ಎಲ್ಲರೂ ಹೆರುವ ವಯಸ್ಸಿನವರು. ಸೋಂಕು ಬಂದದ್ದು ಒಂದೇ ಬಗೆಯ ಇಂಜೆಕ್ಷನ್ನಿನಿಂದ, ಸರಿಸುಮಾರು ಒಂದೇ ಕಾಲದಲ್ಲಿ. ಆದರೂ ಒಬ್ಬರು ಪೂರ್ತಿ ಪಾರಾದರು, ಇನ್ನೊಬ್ಬರು ವೈರಸ್ ಹೊತ್ತುಕೊಂಡೇ ಆರೋಗ್ಯವಾಗಿದ್ದರು, ಮತ್ತೊಬ್ಬರ ಲಿವರ್ ಗಟ್ಟಿಕಟ್ಟಿತು. ವೈರಸ್ ಇಷ್ಟು ಸಮನಾಗಿದ್ದಾಗ ವ್ಯತ್ಯಾಸದ ಬಹುಪಾಲನ್ನು ಹುಡುಕಬೇಕಾದದ್ದು ಅದು ಹೊಕ್ಕ ದೇಹದಲ್ಲಿ. ಹಾಗೆ ಹುಡುಕಿದವರಿಗೆ ಈ ತಾಯಂದಿರಲ್ಲೇ ಒಂದು ಸುಳಿವು ಸಿಕ್ಕಿತು. ಎಚ್‌ಎಲ್‌ಎ-ಬಿ27 ಎಂಬ, ಜೀನ್‌ನಿಂದ ಬರುವ ಗುರುತು ಜೀವಕೋಶಗಳ ಮೇಲೆ ಇದ್ದವರು ವೈರಸ್ಸನ್ನು ಹೆಚ್ಚಾಗಿ ಓಡಿಸಿದ್ದರು. ಬೆನ್ನುಮೂಳೆ ಬಿಗಿಯುವ ಕಾಯಿಲೆಗೆ ಡಾಕ್ಟರು ಬರೆದುಕೊಡುವ ಬಿ27 ಪರೀಕ್ಷೆ ಇದೆಯಲ್ಲ, ಅದೇ ಬಿ27. ಬೆನ್ನಿಗೆ ಕಂಟಕವಾಗಬಹುದಾದ ಗುರುತು ಲಿವರಿಗೆ ಕಾವಲಾಗಿತ್ತು.

ಇದಕ್ಕಿಂತ ದೊಡ್ಡ ಸುಳಿವು 2009ರಲ್ಲಿ ಬಂತು. ಆಗ ಹೆಪಟೈಟಿಸ್ ಸಿಗೆ ಇದ್ದ ಚಿಕಿತ್ಸೆ ಇಂಟರ್‌ಫೆರಾನ್ ಇಂಜೆಕ್ಷನ್ ಮತ್ತು ರಿಬಾವಿರಿನ್ ಮಾತ್ರೆ, ಎಷ್ಟೋ ಜನರಿಗೆ 48 ವಾರ. ಜ್ವರ, ಮೈಕೈ ನೋವು, ರಕ್ತಹೀನತೆ, ಖಿನ್ನತೆ ಎಲ್ಲವನ್ನೂ ಸಹಿಸಿ ಮುಗಿಸಿದರೂ ಅನೇಕರಿಗೆ ಗುಣವಾಗುತ್ತಿರಲಿಲ್ಲ. ಯಾರಿಗೆ ಗುಣವಾಗುತ್ತದೆ ಎಂದು ಜೀನ್‌ಗಳಲ್ಲಿ ಹುಡುಕುತ್ತಾ ಹೋದ ಸಂಶೋಧಕರಿಗೆ 19ನೇ ಕ್ರೋಮೋಸೋಮಿನಲ್ಲಿ, ಐಎಲ್28ಬಿ ಎಂಬ ಜೀನಿನ ಪಕ್ಕದಲ್ಲಿ, ಡಿಎನ್‌ಎಯ ಒಂದೇ ಒಂದು ಅಕ್ಷರದ ವ್ಯತ್ಯಾಸ ಸಿಕ್ಕಿತು. ಆ ಜಾಗದಲ್ಲಿ ಅಪ್ಪನಿಂದಲೂ ಅಮ್ಮನಿಂದಲೂ ‘ಸಿ’ ಅಕ್ಷರ ಪಡೆದವರಿಗೆ ಚಿಕಿತ್ಸೆ ಹೆಚ್ಚು ಫಲಿಸುತ್ತಿತ್ತು. ಚಿಕಿತ್ಸೆಯೇ ಇಲ್ಲದೆ ವೈರಸ್ ಓಡಿಸುವುದರಲ್ಲೂ ಅವರೇ ಮುಂದಿದ್ದರು.

2013ರಲ್ಲಿ ಒಳಗುಟ್ಟು ತಿಳಿಯಿತು. ಪಕ್ಕದಲ್ಲೇ ಐಎಫ್‌ಎನ್‌ಎಲ್4 ಎಂಬ ಇನ್ನೊಂದು ಜೀನ್ ಅಡಗಿತ್ತು. ಕೆಲವರ ದೇಹ ಅದರಿಂದ ಒಂದು ಇಂಟರ್‌ಫೆರಾನ್ ತಯಾರಿಸುತ್ತದೆ, ಕೆಲವರಲ್ಲಿ ಆ ಜೀನ್ ಕೆಟ್ಟಿರುತ್ತದೆ. ಇಂಟರ್‌ಫೆರಾನ್ ಎಂದರೆ ವೈರಸ್ ವಿರುದ್ಧ ದೇಹವೇ ಮಾಡಿಕೊಳ್ಳುವ ಆಯುಧ. ಹಾಗಾಗಿ ತಯಾರಿಸುವವರೇ ಗೆಲ್ಲಬೇಕಿತ್ತು. ಆದದ್ದು ತದ್ವಿರುದ್ಧ, ಜೀನ್ ಕೆಟ್ಟವರೇ ವೈರಸ್ಸನ್ನು ಚೆನ್ನಾಗಿ ಓಡಿಸುತ್ತಾರೆ. ಚೀನಾ, ಜಪಾನ್ ಕಡೆಯ ಬಹುಪಾಲು ಜನ ಈ ಅದೃಷ್ಟವಂತರ ಸಾಲಿನವರು, ಆಫ್ರಿಕಾ ಮೂಲದವರಲ್ಲಿ ಇಂಥವರು ಕಡಿಮೆ. ಅಮೆರಿಕದ ಕಪ್ಪು ರೋಗಿಗಳಿಗೆ ಇಂಟರ್‌ಫೆರಾನ್ ಅಷ್ಟಾಗಿ ಹಿಡಿಯುತ್ತಿರಲಿಲ್ಲ ಎಂಬ ಹಳೆಯ ಒಗಟಿನ ಅರ್ಧದಷ್ಟನ್ನು ಈ ಒಂದು ಜೀನ್ ಜಾಗವೇ ಬಿಡಿಸಿತು.

ಇಲ್ಲಿ ತುಂಬ ಜನ ಎಡವುವ ಒಂದು ವಿಷಯವಿದೆ. ವೈರಸ್ ಓಡಿಸುವ ಸಾಮರ್ಥ್ಯ ಬೇರೆ, ವೈರಸ್ ಉಳಿದ ಮೇಲೆ ಲಿವರ್ ಎಷ್ಟು ಬೇಗ ಕೆಡುತ್ತದೆ ಎನ್ನುವುದು ಬೇರೆ. ಅಪ್ಪ ಅಮ್ಮ ಇಬ್ಬರಿಂದಲೂ ಆ ‘ಸಿ’ ಅಕ್ಷರ ಪಡೆದಿದ್ದೂ ವೈರಸ್ ಓಡಿಸಲಾಗದೆ ಹೋದವರಲ್ಲಿ ಉರಿಯೂತ ಮತ್ತು ನಾರು ಕಟ್ಟುವುದು ತುಸು ಹೆಚ್ಚೇ ಕಂಡುಬಂದಿದೆ. ಜೋರಾಗಿ ಕಾದಾಡುವ ದೇಹ ಗೆಲ್ಲದಿದ್ದರೆ ಏಟು ಬೀಳುವುದು ಲಿವರಿಗೇ. ಅದಕ್ಕೇ ಒಂದು ಜೀನನ್ನು ಒಳ್ಳೆಯದು, ಕೆಟ್ಟದ್ದು ಎಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ನಿಮ್ಮ ದೊಡ್ಡಮ್ಮನ ವಿಷಯದಲ್ಲಿ ಹೆಚ್ಚು ಮುಖ್ಯವಾಗಬಹುದಾದದ್ದು ಪಿಎನ್‌ಪಿಎಲ್ಎ3 ಎಂಬ ಇನ್ನೊಂದು ಜೀನ್. 2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ನಡೆದ ಅಧ್ಯಯನದಲ್ಲಿ ಇದು ಮೊದಲು ಕಂಡದ್ದು ಫ್ಯಾಟಿ ಲಿವರಿನ ಜೀನ್ ಆಗಿ. ಇದರಿಂದ ತಯಾರಾಗುವ ಪ್ರೊಟೀನ್ ಲಿವರಿನ ಜೀವಕೋಶದಲ್ಲಿ ಕೊಬ್ಬಿನ ಹನಿಗಳ ಮೇಲೆ ಕೂರುತ್ತದೆ. ಅದರ 148ನೇ ಜಾಗದಲ್ಲಿ ಒಂದು ಅಮೈನೊ ಆಮ್ಲ (ಪ್ರೊಟೀನ್ ಕಟ್ಟುವ ಇಟ್ಟಿಗೆ) ಬದಲಾದರೆ ಪ್ರೊಟೀನ್ ಆ ಹನಿಗಳ ಮೇಲೆಯೇ ರಾಶಿಬಿದ್ದು ಕೊಬ್ಬು ಕರಗಲು ಬಿಡುವುದಿಲ್ಲ. ಹೆಪಟೈಟಿಸ್ ಸಿ ಇರುವವರಲ್ಲೂ ಈ ಬದಲಾವಣೆಯನ್ನು ತಂದೆ ತಾಯಿ ಇಬ್ಬರಿಂದಲೂ ಪಡೆದವರಿಗೆ ಲಿವರಿನಲ್ಲಿ ಕೊಬ್ಬೂ ಗಾಯದ ನಾರೂ ಹೆಚ್ಚು ಎಂದು ಆಮೇಲೆ ಗೊತ್ತಾಯಿತು. ಭಾರತದಲ್ಲಿ ಈ ರೂಪ ಅಪರೂಪವೇನಲ್ಲ. ಜೊತೆಗೆ ನಮ್ಮ ದೇಶದಲ್ಲಿ ಹೆಚ್ಚಾಗಿರುವ ಸಿ ವೈರಸ್ಸಿನ 3ನೇ ಜೀನೋಟೈಪ್ (ವೈರಸ್ಸಿನ ಒಂದು ಬಗೆ) ತಾನಾಗಿಯೇ ಲಿವರಿನಲ್ಲಿ ಕೊಬ್ಬು ತುಂಬಿಸುತ್ತದೆ. ಇವುಗಳ ಮೇಲೆ ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಸೇರಿದರೆ ಒಂದು ತೊಟ್ಟು ಹೆಂಡ ಮುಟ್ಟದವರ ಲಿವರೂ ಗಟ್ಟಿಯಾಗುತ್ತದೆ. ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಇದೆಯೇ ಎಂದು ನೀವು ಬರೆದಿಲ್ಲ. ಇದ್ದರೆ ನಾನು ಜೀನ್‌ಗಿಂತ ಮೊದಲು ಅದರತ್ತ ಬೆರಳು ತೋರಿಸುತ್ತೇನೆ. ಸೋಂಕು ತಗುಲಿದಾಗಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ, 40 ದಾಟಿದ ಮೇಲೆ ಬಂದ ಸೋಂಕು ಬೇಗ ಮುಂದುವರಿಯುತ್ತದೆ.

ಅಕ್ಕತಂಗಿಯರಲ್ಲವೇ, ಜೀನ್ ಒಂದೇ ಇರಬೇಕಲ್ಲ ಎಂದು ನೀವು ಕೇಳಬಹುದು. ಯಾವುದೇ ಒಂದು ಜೀನ್ ತೆಗೆದುಕೊಂಡರೂ ಇಬ್ಬರು ಒಡಹುಟ್ಟಿದವರು ತಂದೆಯಿಂದಲೂ ತಾಯಿಯಿಂದಲೂ ಅದೇ ಪ್ರತಿಗಳನ್ನು ಪಡೆದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು ಮಾತ್ರ. ಇಬ್ಬರಿಗೂ ಪೂರ್ತಿ ಬೇರೆ ಪ್ರತಿಗಳೇ ಬಂದಿರುವ ಸಾಧ್ಯತೆಯೂ ಅಷ್ಟೇ.

ಹೆಪಟೈಟಿಸ್ ಬಿ ಇರುವ ಮನೆಯವರೂ ಇದೇ ಪ್ರಶ್ನೆ ಕೇಳುತ್ತಾರೆ. ಅಜ್ಜಿಗಿತ್ತು, ಅಮ್ಮನಿಗಿದೆ, ನನಗೂ ಬಂತು, ಇದು ವಂಶದ ಕಾಯಿಲೆಯೇ ಎಂದು. ಅಲ್ಲಿ ತಲೆಮಾರು ದಾಟುತ್ತಿರುವುದು ಜೀನ್ ಅಲ್ಲ, ಹೆರಿಗೆಯಲ್ಲಿ ದಾಟುವ ವೈರಸ್. ಹುಟ್ಟುವಾಗಲೇ ತಗುಲಿದ ಬಿ ಸೋಂಕು ಸುಮಾರು 90% ಮಕ್ಕಳಲ್ಲಿ ಶಾಶ್ವತವಾಗಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಹಾಗೆ ಉಳಿಯುವುದು 5%ಗಿಂತ ಕಡಿಮೆ ಜನರಲ್ಲಿ. ಈ ಅಂತರದ ಮುಂದೆ ಜೀನ್‌ಗಳ ಪ್ರಭಾವ ಚಿಕ್ಕದು. ಮಗು ಹುಟ್ಟಿದ 24 ಗಂಟೆಯೊಳಗೆ ಕೊಡುವ ಲಸಿಕೆ ಈ ಸರಪಳಿಯನ್ನು ಕಡಿಯುತ್ತದೆ.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಇಂಟರ್‌ಫೆರಾನ್ ಕಾಲದಲ್ಲಿ ಐಎಲ್28ಬಿ ಪರೀಕ್ಷೆಗೆ ಅರ್ಥವಿತ್ತು, ಒಂದು ವರ್ಷದ ಯಾತನೆಗೆ ಇಳಿಯುವ ಮುನ್ನ ಫಲ ಸಿಗುತ್ತದೋ ಎಂದು ಅಂದಾಜು ಮಾಡಬಹುದಿತ್ತು. 2013ರಲ್ಲಿ ಸೋಫೋಸ್‌ಬುವಿರ್ ಬಂತು. 2015ರಿಂದ ಅದರ ಜನರಿಕ್ ಮಾತ್ರೆ ಭಾರತದಲ್ಲೇ ತಯಾರಾಗುತ್ತಿದೆ. ಈಗ ಹೆಚ್ಚಿನವರಿಗೆ 12 ವಾರ ಮಾತ್ರೆ ನುಂಗಿದರೆ ಸಾಕು, 100ರಲ್ಲಿ 95ರಷ್ಟು ಜನರಿಗೆ ವೈರಸ್ ಪೂರ್ತಿ ಹೋಗುತ್ತದೆ. ನಿಮ್ಮ ಜೀನ್‌ನಲ್ಲಿ ಯಾವ ಅಕ್ಷರವಿದ್ದರೂ ಹೋಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆಯೂ ಔಷಧವೂ ಉಚಿತ. ಖಾಸಗಿ ಲ್ಯಾಬಿನ ಜೀನ್ ಪ್ಯಾಕೇಜಿಗೆ ಹಣ ಸುರಿಯುವ ಬದಲು ಜಿಲ್ಲಾಸ್ಪತ್ರೆಯಲ್ಲಿ ಈ ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ವಿಚಾರಿಸಿ.

ಅಮ್ಮನ ಸ್ಕ್ಯಾನ್ ಚೆನ್ನಾಗಿದೆ ಎಂದು ಸುಮ್ಮನೆ ಕೂರಬೇಡಿ. ಮಾಮೂಲಿ ಅಲ್ಟ್ರಾಸೌಂಡ್‌ನಲ್ಲಿ ಆರಂಭದ ನಾರು ಕಾಣುವುದಿಲ್ಲ, ಲಿವರ್ ಎಷ್ಟು ಗಟ್ಟಿಯಾಗಿದೆ ಎಂದು ಅಳೆಯುವ ಫೈಬ್ರೋಸ್ಕ್ಯಾನ್ ಮಾಡಿಸಿ. ಲಿವರ್ ಚೆನ್ನಾಗಿದ್ದರೂ ಅವರು ಮಾತ್ರೆ ತೆಗೆದುಕೊಳ್ಳಲೇಬೇಕು. ದೊಡ್ಡಮ್ಮನನ್ನು ಲಿವರ್ ತಜ್ಞರ ಬಳಿಗೇ ಕರೆದೊಯ್ಯಿರಿ. ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಈ ಗುಂಪಿನ ಕೆಲವು ಮಾತ್ರೆಗಳನ್ನು ಕೊಡುವಂತಿಲ್ಲ, ಅವಧಿಯೂ ಬೇರೆಯಾಗಬಹುದು. ವೈರಸ್ ಹೋದ ಮೇಲೂ ಸಿರೋಸಿಸ್ ಇದ್ದವರಿಗೆ ಲಿವರ್ ಕ್ಯಾನ್ಸರಿನ ಅಪಾಯ ಪೂರ್ತಿ ಹೋಗುವುದಿಲ್ಲ. ಅವರಿಗೆ 6 ತಿಂಗಳಿಗೊಮ್ಮೆ ಅಲ್ಟ್ರಾಸೌಂಡ್ ತಪ್ಪಿಸಬೇಡಿ.

ಮಕ್ಕಳಾದ ನೀವು ಮಾಡಿಸಬೇಕಾದ ಪರೀಕ್ಷೆ ಆಂಟಿ-ಎಚ್‌ಸಿವಿ, ಅಂದರೆ ಸಿ ವೈರಸ್ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯ ರಕ್ತದಲ್ಲಿ ಇದೆಯೇ ಎಂದು ನೋಡುವ ಪರೀಕ್ಷೆ. ತಾಯಿಯಿಂದ ಮಗುವಿಗೆ ಸಿ ವೈರಸ್ ದಾಟುವುದು 100ರಲ್ಲಿ 5-6 ಹೆರಿಗೆಗಳಲ್ಲಿ. ತಾಯಿಗೆ ರಕ್ತ ಏರಿಸಿದ ಮೇಲೆ ಹುಟ್ಟಿದ ತಮ್ಮ, ತಂಗಿ, ದೊಡ್ಡಮ್ಮನ ಮಕ್ಕಳು ಎಲ್ಲರೂ ಒಮ್ಮೆ ಮಾಡಿಸಿಕೊಳ್ಳಲಿ. ಅದು ಪಾಸಿಟಿವ್ ಬಂದರೆ ಹೆದರಬೇಡಿ. ವೈರಸ್ಸನ್ನು ತಾವೇ ಓಡಿಸಿದವರಲ್ಲೂ ಅದು ಪಾಸಿಟಿವ್ ಆಗಿಯೇ ಉಳಿಯುತ್ತದೆ, ಐರ್ಲೆಂಡಿನ ಆ 300 ಚಿಲ್ಲರೆ ತಾಯಂದಿರಲ್ಲಿ ಉಳಿದಿತ್ತಲ್ಲ, ಹಾಗೆ. ವೈರಸ್ ಇನ್ನೂ ಇದೆಯೇ ಎಂದು ಹೇಳುವುದು ಅದರ ನಂತರ ಮಾಡುವ ಆರ್‌ಎನ್‌ಎ ಪರೀಕ್ಷೆ.