ನೋವು ಎಲ್ಲಿದೆ, ಒಂದೇ ಬೆರಳಲ್ಲಿ ತೋರಿಸಿ

ತುಮಕೂರಿನಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಪಾದದ ನೋವೆಂದು ಬರುವವರು ಹೆಚ್ಚಾಗಿ ನಿಂತು ದುಡಿಯುವವರು. ವಸಂತನರಸಾಪುರದ ಫ್ಯಾಕ್ಟರಿಗಳವರು, ಮೇಷ್ಟ್ರುಗಳು, ಅಂಗಡಿಯವರು, ಬೆಳಿಗ್ಗೆ ಎದ್ದ ತಕ್ಷಣ ಹಿಮ್ಮಡಿ ಊರಲಾಗದ ಅಮ್ಮಂದಿರು. ಈಗೀಗ ಫೆಬ್ರವರಿ ಬಂತೆಂದರೆ ಇವರ ಜೊತೆ ಇನ್ನೊಂದು ಗುಂಪು ಸೇರಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಕೆಲಸ, ಮನೆ ಇಲ್ಲಿ. ರಜೆ ಹಾಕಿ ಕಾಶ್ಮೀರದ ಗುಲ್ಮಾರ್ಗ್‌ಗೋ ಉತ್ತರಾಖಂಡದ ಔಲಿಗೋ ಹೋಗಿ ಎರಡೂ ಕಾಲನ್ನು ಒಂದೇ ಹಲಗೆಗೆ ಬಿಗಿದುಕೊಂಡು ಹಿಮದ ಮೇಲೆ ಜಾರುವ ಸ್ನೋಬೋರ್ಡಿಂಗ್ ಕಲಿತು ಬಂದಿರುತ್ತಾರೆ. ಮುಖದಲ್ಲಿ ಖುಷಿ ಇರುತ್ತದೆ, ನಡಿಗೆಯಲ್ಲಿ ಕುಂಟು ಇರುತ್ತದೆ.

ಏನಾಯ್ತು ಅಂದರೆ ಎಲ್ಲರದ್ದೂ ಒಂದೇ ಉತ್ತರ: "ಬೂಟು ಕಚ್ಚಿತು ಮೇಡಂ."

ಹೊಸ ಚಪ್ಪಲಿ ನಾಲ್ಕು ದಿನ ಕಚ್ಚುತ್ತದೆ, ಆಮೇಲೆ ಸರಿಹೋಗುತ್ತದೆ ಎಂದು ಕೇಳಿಕೊಂಡೇ ಬೆಳೆದವರು ನಾವು. ಚರ್ಮದ ಚಪ್ಪಲಿಗೆ ಆ ಮಾತು ಸರಿ. ಸ್ನೋಬೋರ್ಡ್ ಬೂಟಿಗೆ ಅರ್ಧ ಮಾತ್ರ ಸರಿ. ಅದರೊಳಗೆ ಲೈನರ್ ಎಂಬ ಮೆತ್ತನೆಯ ಒಳಬೂಟು ಇರುತ್ತದೆ. ಹಾಕುತ್ತಾ ಹಾಕುತ್ತಾ ಅದು ಅಮುಕಿಕೊಂಡು ಸಡಿಲವಾಗುತ್ತದೆ. ಆದರೆ ಹೊರಗಿನ ಚಿಪ್ಪು ಒಂದು ಮೂಳೆಯ ಮೇಲೆ ಒತ್ತುತ್ತಿದ್ದರೆ ಅದು ತಾನಾಗಿ ಬಗ್ಗುವುದಿಲ್ಲ. ಪಾದವೆಲ್ಲ ಹಿಡಿದುಕೊಂಡಂತಿರುವ ಬಿಗಿ ಬೇರೆ, ಒಂದು ಜಾಗದಲ್ಲಿ ಚುಚ್ಚುವ ನೋವು ಬೇರೆ. ಮೊದಲನೆಯದನ್ನು ತಡೆದುಕೊಳ್ಳಬಹುದು. ಎರಡನೆಯದನ್ನು ತಡೆದುಕೊಂಡರೆ ಗಾಯವಾಗುತ್ತದೆ. ಅದಕ್ಕೇ ನಾನು ಎಲ್ಲರಿಗೂ ಮೊದಲು ಹೇಳುವುದು, ಕಾಲು ಪೂರ್ತಿ ಸವರಿ ತೋರಿಸಬೇಡಿ, ಒಂದೇ ಬೆರಳಿಟ್ಟು ತೋರಿಸಿ. ಬೆರಳು ನಿಂತ ಜಾಗದಲ್ಲೇ ಮುಕ್ಕಾಲು ಪಾಲು ಉತ್ತರ ಇರುತ್ತದೆ.

ಬೂಟಿನಲ್ಲಿ ಎರಡು ಜಾತಿ. ನಮ್ಮಲ್ಲಿ ಬಾಡಿಗೆಗೆ ಸಿಗುವುದು ಬಹುಪಾಲು ಸಾಫ್ಟ್ ಬೂಟು. ಅದನ್ನು ಹಲಗೆಗೆ ಪಟ್ಟಿಗಳಿಂದ ಬಿಗಿಯುತ್ತಾರೆ. ಇನ್ನೊಂದು ಹಾರ್ಡ್ ಬೂಟು, ಸ್ಕೀ ಬೂಟಿನ ಹಾಗೆ ಗಟ್ಟಿ ಪ್ಲಾಸ್ಟಿಕ್ಕಿನದು. ಕಿರಿದಾದ ಹಲಗೆಯ ಮೇಲೆ, ಎರಡೂ ಪಾದ ಮುಂದಕ್ಕೆ ತಿರುಗಿಸಿಕೊಂಡು, ಅಂಚಿನಲ್ಲಿ ಹಿಮವನ್ನು ಕೊಯ್ಯುತ್ತಾ ಇಳಿಯುವ ಆಲ್ಪೈನ್ ಸ್ನೋಬೋರ್ಡಿಂಗ್‌ಗೆ ಇದು ಬೇಕು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸ್‌ನಲ್ಲಿ ಜೆಕ್ ದೇಶದ ಎಸ್ಟರ್ ಲೆಡೆಟ್ಸ್ಕಾ ಸ್ಕೀಯಿಂಗ್‌ನಲ್ಲೂ ಸ್ನೋಬೋರ್ಡಿಂಗ್‌ನಲ್ಲೂ ಚಿನ್ನ ಗೆದ್ದರಲ್ಲ, ಅವರ ಸ್ನೋಬೋರ್ಡ್ ಚಿನ್ನ ಬಂದದ್ದು ಈ ಬಗೆಯ ಸ್ಪರ್ಧೆಯಲ್ಲೇ. ನನ್ನ ಬಳಿ ಬರುವವರಲ್ಲಿ ಹಾರ್ಡ್ ಬೂಟಿನವರು ಕಡಿಮೆ, ಹೆಚ್ಚಾಗಿ ಯೂರೋಪಿನಲ್ಲಿ ಕೆಲಸಕ್ಕಿದ್ದು ಊರಿಗೆ ಬಂದವರು. ಆದರೆ ಅವರ ನೋವು ಹಟಮಾರಿ.

ಮೊದಲು ಅಳತೆಯ ವಿಷಯ, ಯಾಕೆಂದರೆ ತೊಂದರೆ ಶುರುವಾಗುವುದೇ ಅಲ್ಲಿ. "ನಂದು 9 ನಂಬರ್" ಎಂದು ಹೇಳಿ ಬೂಟು ತಗೊಳ್ಳುತ್ತಾರೆ. ಒಂದೊಂದು ಕಂಪನಿಯ 9 ಒಂದೊಂದು ಥರ. ಹಿಮದ ಬೂಟುಗಳಿಗೆ ಮಾಂಡೋಪಾಯಿಂಟ್ ಎಂಬ ಅಳತೆ ಇದೆ. ಅದು ಬೇರೇನೂ ಅಲ್ಲ, ನಿಮ್ಮ ಪಾದದ ಉದ್ದ. ಸಂಜೆ ಹೊತ್ತು, ಪಾದ ಸ್ವಲ್ಪ ಊದಿಕೊಂಡಿರುವಾಗ, ಗೋಡೆಗೆ ಹಿಮ್ಮಡಿ ತಾಗಿಸಿ ಹಾಳೆಯ ಮೇಲೆ ನಿಲ್ಲಿ. ಆ ಕಾಲಿನ ಮೇಲೇ ಭಾರ ಹಾಕಿ. ಎಲ್ಲಕ್ಕಿಂತ ಉದ್ದದ ಬೆರಳಿನ ತುದಿಗೆ ಬೇರೆಯವರ ಕೈಲಿ ಗುರುತು ಹಾಕಿಸಿ. ನೀವೇ ಬಗ್ಗಿ ಹಾಕಿದರೆ ಭಾರ ಆಚೀಚೆಯಾಗಿ ಅಳತೆ ತಪ್ಪುತ್ತದೆ. 26.5 ಸೆಂಟಿಮೀಟರ್ ಬಂದರೆ ನಿಮ್ಮ ಬೂಟು 26.5 ಅಥವಾ 265. ಎರಡೂ ಪಾದ ಅಳೆಯಿರಿ, ದೊಡ್ಡದನ್ನು ಲೆಕ್ಕಕ್ಕೆ ಹಿಡಿಯಿರಿ.

ಸರಿಯಾದ ಬೂಟಿನಲ್ಲಿ ನೆಟ್ಟಗೆ ನಿಂತಾಗ ಬೆರಳ ತುದಿ ಮುಂದಿನ ಗೋಡೆಗೆ ಮೆಲ್ಲಗೆ ತಾಗಬೇಕು. ಮೊಣಕಾಲು ಬಗ್ಗಿಸಿದ ಕೂಡಲೇ ಹಿಂದೆ ಸರಿಯಬೇಕು. ಇದು ಗೊತ್ತಿಲ್ಲದವರು ಬೆರಳು ತಾಗಿತು ಎಂದು ಒಂದು ಸೈಜ್ ಜಾಸ್ತಿ ಕೇಳುತ್ತಾರೆ. ಆಮೇಲೆ ಸಡಿಲ ಎಂದು ಎರಡು ಜೊತೆ ಕಾಲುಚೀಲ ಹಾಕುತ್ತಾರೆ. ಚಳಿಗೂ ಆಯ್ತು ಅನ್ನುವ ಲೆಕ್ಕ. ಇದು ಖಂಡಿತ ಬೇಡ. ಎರಡು ಚೀಲ ಒಂದರ ಮೇಲೊಂದು ಜಾರಿ ಸುಕ್ಕುಗಟ್ಟುತ್ತವೆ, ಸುಕ್ಕು ಇದ್ದ ಕಡೆ ನೀರ್ಗುಳ್ಳೆ ಏಳುತ್ತದೆ. ಹತ್ತಿ ಚೀಲವಾದರೆ ಬೆವರು ಹೀರಿ ಒದ್ದೆಯಾಗೇ ಉಳಿದು ಪಾದ ಇನ್ನಷ್ಟು ತಣ್ಣಗಾಗುತ್ತದೆ. ಒಂದೇ ಜೊತೆ, ತೆಳ್ಳಗಿನದು, ಉಣ್ಣೆ ಅಥವಾ ಸಿಂಥೆಟಿಕ್ಕಿನದು ಸಾಕು. ಪ್ಯಾಂಟಿನ ಒಳಪದರವನ್ನೂ ಬೂಟಿನೊಳಗೆ ತುರುಕಬೇಡಿ.

ಇನ್ನು ಅಗಲ. ನಮ್ಮ ಕಡೆಯವರಿಗೆ ಇದು ನಿಜವಾದ ತಲೆನೋವು. ಬರಿಗಾಲಲ್ಲಿ ಓಡಾಡುವ ದಕ್ಷಿಣ ಭಾರತದ ಜನರ ಪಾದಗಳನ್ನು ಬೆಲ್ಜಿಯಂನ ಸಂಶೋಧಕರು ಅಳೆದು 2009ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಶೂ ಹಾಕಿ ಬೆಳೆದವರಿಗಿಂತ ಇವರ ಪಾದ ಅಗಲ, ನಡೆಯುವಾಗ ಭಾರವೂ ಪಾದದ ತುಂಬಾ ಹೆಚ್ಚು ಸಮನಾಗಿ ಹಂಚಿಹೋಗುತ್ತದೆ ಎಂದು ಅದರಲ್ಲಿ ಕಂಡುಬಂತು. ಒಳ್ಳೆಯ ಪಾದಗಳು ಅವು. ಆದರೆ ಕಿರಿದಾದ ಬೂಟಿನಲ್ಲಿ ಕಿರುಬೆರಳ ಬುಡದ ಗಂಟು, ಹೆಬ್ಬೆರಳ ಬುಡದ ಗಂಟು ಎರಡೂ ಸಿಕ್ಕಿಹಾಕಿಕೊಳ್ಳುತ್ತವೆ. ಹಳ್ಳಿಯಲ್ಲಿ ಚಪ್ಪಲಿಯಲ್ಲೇ ಬೆಳೆದ ಹುಡುಗರು ಬೆರಳಿಡುವುದು ಹೆಚ್ಚಾಗಿ ಇಲ್ಲೇ. ಉದ್ದ ಜಾಸ್ತಿ ಮಾಡಿದರೆ ಅಗಲದ ತೊಂದರೆ ತೀರುವುದಿಲ್ಲ, ಹಿಮ್ಮಡಿ ಮಾತ್ರ ಸಡಿಲವಾಗುತ್ತದೆ. ಅಗಲದ ಮಾದರಿಯನ್ನೇ ಕೇಳಿ. ಸ್ವಂತ ಬೂಟಾದರೆ ಲೈನರನ್ನು ಬಿಸಿ ಮಾಡಿ ಪಾದದ ಆಕಾರಕ್ಕೆ ಕೂರಿಸಬಹುದು. ಹಾರ್ಡ್ ಬೂಟಾದರೆ ಬೂಟ್ ಫಿಟರ್ ಬಳಿ ಆ ಜಾಗವನ್ನಷ್ಟೇ ಕಾಯಿಸಿ ಹೊರಕ್ಕೆ ಉಬ್ಬಿಸಿಕೊಳ್ಳಬಹುದು. ಒತ್ತುವ ಜಾಗಕ್ಕೆ ಲಿಪ್‌ಸ್ಟಿಕ್ ಹಚ್ಚಿ, ಬರಿಗಾಲಲ್ಲಿ ಲೈನರಿಲ್ಲದ ಚಿಪ್ಪಿನೊಳಗೆ ಇಟ್ಟು ತೆಗೆದರೆ, ಎಲ್ಲಿ ಉಬ್ಬಿಸಬೇಕೆಂದು ಒಳಗೆ ಗುರುತು ಬಿದ್ದಿರುತ್ತದೆ.

ಹಿಮ್ಮಡಿ ಸಡಿಲವಾದರೆ ಏನಾಗುತ್ತದೆ ನೋಡಿ. ಹಲಗೆಯ ಬೆರಳ ಕಡೆಯ ಅಂಚಿನ ಮೇಲೆ ನಿಂತಾಗ ಹಿಮ್ಮಡಿ ಬೂಟಿನೊಳಗೆ ಮೇಲೇಳುತ್ತದೆ. ಹಿಡಿತ ತಪ್ಪಿದಂತಾಗಿ ಬೆರಳುಗಳು ತಾವಾಗೇ ಮಡಚಿಕೊಂಡು ನೆಲ ಹಿಡಿಯಲು ನೋಡುತ್ತವೆ. ಗಂಟೆಗಟ್ಟಲೆ ಹೀಗೇ ಆದರೆ ಅಂಗಾಲಿನ ಕಮಾನು ಸೆಳೆಯುತ್ತದೆ, ಉರಿಯುತ್ತದೆ. ಬೂಟು ಸಡಿಲ ಎಂದು ಹಲಗೆಯ ಪಟ್ಟಿಯನ್ನು ಇನ್ನೆರಡು ಹಲ್ಲು ಬಿಗಿಯುತ್ತಾರೆ. ಪಾದದ ಮೇಲ್ಭಾಗದಲ್ಲಿ ಚರ್ಮದ ಕೆಳಗೇ ನರ, ರಕ್ತನಾಳ, ಬೆರಳುಗಳನ್ನು ಎತ್ತುವ ದಾರದಂಥ ಸ್ನಾಯುಗಳು ಇರುತ್ತವೆ. ಬಿಗಿದ ಪಟ್ಟಿ ಅವನ್ನೆಲ್ಲ ಒತ್ತುತ್ತದೆ. ಬೆರಳು ಜೋಮು ಹಿಡಿಯುತ್ತದೆ, ಹೆಬ್ಬೆರಳ ಪಕ್ಕದ ಸಂದು ಮರಗಟ್ಟುತ್ತದೆ. "ಬೂಟು ಟೈಟು, ಅದಕ್ಕೇ ಜೋಮು" ಎಂದು ಬಂದವರ ಬೂಟು ಎಷ್ಟೋ ಸಲ ಬೇಕಾದ್ದಕ್ಕಿಂತ ದೊಡ್ಡದು.

ಹಿಮ್ಮಡಿ ಏಳಲು ಬೂಟೊಂದೇ ಕಾರಣವಲ್ಲ. ಕುಕ್ಕರಗಾಲಲ್ಲಿ, ಹಿಮ್ಮಡಿ ನೆಲಕ್ಕೆ ಊರಿ ಕೂರಲು ಬರುತ್ತಾ ನೋಡಿ. ನಮ್ಮ ತಾತಂದಿರು ಹೊಲದ ಬದುವಿನ ಮೇಲೆ ಹಾಗೇ ಕೂತು ಗಂಟೆಗಟ್ಟಲೆ ಮಾತಾಡುತ್ತಿದ್ದರು. ಕುರ್ಚಿ, ಕಾರು, ಕಮೋಡು ಬಂದ ಮೇಲೆ ಮೀನಖಂಡ ಬಿಗಿದುಕೊಂಡು, ಮೂವತ್ತು ದಾಟದವರಿಗೂ ಹಿಮ್ಮಡಿ ಏಳುತ್ತದೆ, ಇಲ್ಲವೇ ಹಿಂದಕ್ಕೆ ಉರುಳುತ್ತಾರೆ. ಅಂಥವರು ಎಷ್ಟು ಒಳ್ಳೆಯ ಬೂಟು ಹಾಕಿದರೂ ಮೊಣಕಾಲು ಬಗ್ಗಿಸಿದಾಗ ಮೀನಖಂಡವೇ ಹಿಮ್ಮಡಿಯನ್ನು ಮೇಲೆಳೆಯುತ್ತದೆ. ಬೂಟಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಎರಡು ತಿಂಗಳು ದಿನಾ ಮೀನಖಂಡ ಹಿಗ್ಗಿಸಿ ಎನ್ನುವುದು ನನ್ನ ಸಲಹೆ.

ಕೆಳಗಾಲಿನ ಮುಂದಿನ ಎಲುಬಿನ ಮೇಲೆ ಬೆರಳಿಟ್ಟರೆ ನಾನು ಇನ್ನೊಂದು ಪ್ರಶ್ನೆ ಕೇಳುತ್ತೇನೆ: ಎಲುಬೇ ನೋಯುತ್ತಾ, ಅದರ ಹೊರಪಕ್ಕದ ಮಾಂಸವಾ? ಮಾಂಸವಾದರೆ ತಪ್ಪು ಬೂಟಿನದ್ದಲ್ಲದೆ ಇರಬಹುದು. ಹೊಸಬರು ಬೀಳುವ ಭಯಕ್ಕೆ ದಿನವಿಡೀ ಹಿಮ್ಮಡಿ ಕಡೆಯ ಅಂಚಿನಲ್ಲೇ ಜಾರಿ ಇಳಿಯುತ್ತಾರೆ. ಪಾದವನ್ನು ಮೇಲೆತ್ತಿ ಹಿಡಿಯುವ ಸ್ನಾಯು ಬಿಡುವಿಲ್ಲದೆ ದುಡಿದು ಸೋಲುತ್ತದೆ. ಬೆರಳ ಕಡೆಯ ಅಂಚನ್ನೂ ಕಲಿತರೆ ಈ ನೋವು ಅರ್ಧಕ್ಕರ್ಧ ಇಳಿಯುತ್ತದೆ. ಎಲುಬೇ ನೋಯುತ್ತಿದ್ದರೆ ಬೂಟಿನ ನಾಲಿಗೆ ಅಲ್ಲಿ ಬಡಿಯುತ್ತಿದೆ ಎಂದರ್ಥ. ಹಾರ್ಡ್ ಬೂಟಿನವರಿಗೆ ಇದು ಮಾಮೂಲಿ. ಮೇಲಿನ ಬಕಲ್ ಸಡಿಲ ಬಿಟ್ಟರೆ ಆರಾಮ ಎಂದು ಅಂದುಕೊಳ್ಳುತ್ತಾರೆ. ಆಗುವುದು ಉಲ್ಟಾ, ಕಾಲು ಒಳಗೆ ಹಿಂದೆ ಮುಂದೆ ಆಡಿ ಪ್ರತಿ ತಿರುವಿನಲ್ಲೂ ಎಲುಬು ನಾಲಿಗೆಗೆ ಹೊಡೆಯುತ್ತದೆ. ಬಕಲ್ ಸಮನಾಗಿ ಬಿಗಿಸಿ, ಬೂಟಿನ ಮುಂಬಾಗು ಎಷ್ಟಿದೆ ನೋಡಿ. ಹಿಂಗಾಲಿನ ಹಿಮ್ಮಡಿ ಕೆಳಗೆ, ಮುಂಗಾಲಿನ ಬೆರಳ ಕೆಳಗೆ ಸ್ವಲ್ಪ ಎತ್ತರ ಕೊಡುವ ಬಿಲ್ಲೆಗಳನ್ನು ಹಲಗೆಗೆ ಬೂಟು ಸಿಕ್ಕಿಸುವ ಬೈಂಡಿಂಗ್‌ನಲ್ಲಿ ಹಾಕಿಸಿದರೆ ಮೊಣಕಾಲಿಗೂ ನಿರಾಳ. ಗಟ್ಟಿ ಬೂಟು ಪಾದದ ಕೀಲನ್ನು ಕಾಯುತ್ತದೆ, ನಿಜ. ಆದರೆ ಬಿದ್ದಾಗ ಆ ತಿರುಚು ಮೇಲೆ ಹತ್ತಿ ಬೂಟಿನ ಅಂಚಿನ ಹತ್ತಿರದ ಎಲುಬಿಗೋ ಮೊಣಕಾಲಿಗೋ ಹೋಗುತ್ತದೆ.

ಕಪ್ಪಾದ ಉಗುರಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಉಗುರು ಕತ್ತರಿಸಿಕೊಂಡು ಹೋಗಿ. ಬಣ್ಣ ಮಾತ್ರ ಕಪ್ಪಾಗಿದ್ದರೆ ಸುಮ್ನೆ ಬಿಡಿ, ಒಳಗೆ ಬಡಿದುಕೊಂಡಂತೆ ನೋಯುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಚಳಿಯ ಜೋಮನ್ನು ಮಾತ್ರ ಹಗುರವಾಗಿ ತಗೊಳ್ಳಬೇಡಿ. ಗುಲ್ಮಾರ್ಗ್ ಇರುವುದೇ ಸುಮಾರು 2,650 ಮೀಟರ್ ಎತ್ತರದಲ್ಲಿ, ಗೊಂಡೋಲಾ ಎಂಬ ಕೇಬಲ್ ಕಾರು ಇನ್ನೂ ಮೇಲೆ ಕರೆದೊಯ್ಯುತ್ತದೆ. ಬೆರಳು ಬಿಳಿಚಿಕೊಂಡು ಸ್ಪರ್ಶವೇ ಗೊತ್ತಾಗದಿದ್ದರೆ ಅಂದಿನ ಆಟ ಮುಗಿಯಿತು. ಉಜ್ಜಬೇಡಿ, ಬುಖಾರಿ ಒಲೆಗೆ ಕಾಲು ಹಿಡಿಯಬೇಡಿ. ಮರಗಟ್ಟಿದ ಚರ್ಮಕ್ಕೆ ಸುಟ್ಟರೂ ಗೊತ್ತಾಗುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ಇಟ್ಟು, ಬಣ್ಣ ಮರಳದಿದ್ದರೆ ಆಸ್ಪತ್ರೆಗೆ ಹೋಗಿ. ಸಕ್ಕರೆ ಕಾಯಿಲೆ ಇರುವವರು ಹೊರಡುವ ಮೊದಲೇ ಪಾದದ ಸ್ಪರ್ಶ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಈಗ ನನಗೆ ನಿಜಕ್ಕೂ ಆತಂಕ ತರುವ ಜಾಗ. ಪಾದದ ಕೀಲಿನ ಹೊರಗಡೆ ಇರುವ ಗಂಟನ್ನು ಮುಟ್ಟಿ ನೋಡಿಕೊಳ್ಳಿ. ಅದರ ತುದಿಯಿಂದ ಒಂದು ಬೆರಳಗಲ ಕೆಳಗೆ, ಸ್ವಲ್ಪ ಮುಂದೆ ಒತ್ತಿ. ಸ್ನೋಬೋರ್ಡ್‌ನಲ್ಲಿ ಬಿದ್ದು ಬಂದವರು ಅಲ್ಲಿ ಬೆರಳಿಟ್ಟು "ಇಲ್ಲೇ" ಎಂದರೆ ನಾನು ಚಿಕಿತ್ಸೆ ಶುರು ಮಾಡುವುದಿಲ್ಲ. ಅಲ್ಲಿ ಟೇಲಸ್ ಎಂಬ ಮೂಳೆಯ ಹೊರಮೂಲೆ ಇದೆ. ಜಿಗಿದು ಇಳಿಯುವಾಗ ಪಾದ ಮೇಲಕ್ಕೆ ಬಾಗಿ, ಜೊತೆಗೆ ಪಕ್ಕಕ್ಕೆ ವಾಲಿದರೆ ಆ ಮೂಲೆ ಮುರಿಯುತ್ತದೆ. ಬೇರೆ ಕಡೆ ಇದು ಅಪರೂಪ. ಸ್ನೋಬೋರ್ಡಿಂಗ್‌ನಲ್ಲಿ ಎಷ್ಟು ಕಾಣುತ್ತದೆಂದರೆ ಸ್ನೋಬೋರ್ಡರ್ಸ್ ಫ್ರ್ಯಾಕ್ಚರ್ ಎಂದೇ ಅದಕ್ಕೆ ಹೆಸರು. ಅಮೆರಿಕದ ಕೊಲೊರಾಡೊದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಸ್ನೋಬೋರ್ಡ್ ಗಾಯಗಳನ್ನು ನೋಡಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಾದದ ಕೀಲಿನ ಮೂಳೆ ಮುರಿತಗಳಲ್ಲಿ ಸುಮಾರು ಮೂರನೇ ಒಂದು ಭಾಗ ಇದೇ ಆಗಿತ್ತು.

ತೊಂದರೆ ಏನೆಂದರೆ ಇದು ನೋಡಲು ಥೇಟ್ ಉಳುಕು. ಹೊರಗಡೆ ಊತ, ನೀಲಿ, ಕುಂಟು. ಸಾಮಾನ್ಯ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಶಿರಾ ಕಡೆಯ ಒಬ್ಬ ಹುಡುಗ ಹೀಗೇ ಬಂದಿದ್ದ. ಎಕ್ಸ್‌ರೇ ನಾರ್ಮಲ್ ಎಂದಿದ್ದರು. ಮನೆಯವರು ಎಣ್ಣೆ ಹಚ್ಚಿಸಿ ಉಳುಕು ತೆಗೆಸಿದ್ದರು, ಬಿಗಿಯಾಗಿ ಕಟ್ಟು ಹಾಕಿಸಿದ್ದರು. ಸಮ ನೆಲದ ಮೇಲೆ ಪರವಾಗಿಲ್ಲ, ತೋಟದ ಉಳುಮೆ ಮಣ್ಣಿನ ಮೇಲೆ ಕಾಲಿಟ್ಟರೆ ಜೀವ ಹೋಗುತ್ತೆ ಅಂದ. ಆ ಮಾತೇ ಸಾಕಿತ್ತು. ಏರುಪೇರು ನೆಲಕ್ಕೆ ಪಾದವನ್ನು ಹೊಂದಿಸುವ ಕೀಲು ಟೇಲಸ್‌ನ ಕೆಳಗಿದೆ, ಈ ಮೂಲೆ ಆ ಕೀಲಿನದ್ದೇ ಭಾಗ. ಮೂಳೆ ಡಾಕ್ಟರ ಹತ್ತಿರ ಕಳಿಸಿದೆ, ಸಿಟಿ ಸ್ಕ್ಯಾನ್‌ನಲ್ಲಿ ಮುರಿತ ಸ್ಪಷ್ಟವಾಗಿ ಕಂಡಿತು. ಚೂರು ಜರುಗದಿದ್ದರೆ ಸುಮಾರು ಆರು ವಾರ ಪ್ಲಾಸ್ಟರ್ ಹಾಕಿ, ಕಾಲೂರದೆ ಇದ್ದರೆ ಸಾಮಾನ್ಯವಾಗಿ ಕೂಡಿಕೊಳ್ಳುತ್ತದೆ. ಜರುಗಿದ್ದರೆ ಆಪರೇಷನ್ ಬೇಕಾಗಬಹುದು. ಗೊತ್ತಾಗದೆ ಬಿಟ್ಟರೆ ಕೂಡದೆ ಉಳಿದು, ಸಣ್ಣ ವಯಸ್ಸಿಗೇ ಆ ಕೀಲು ಸವೆಯುತ್ತದೆ. ಉಳುಕು ತೆಗೆಯುವವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಕೈಗುಣ ನಂಬುವವರು ನಮ್ಮ ಮನೆಯಲ್ಲೂ ಇದ್ದಾರೆ. ಆದರೆ ಮುರಿದ ಮೂಳೆಯನ್ನು ನೀವಿದರೆ ಚೂರು ಜರುಗುತ್ತದೆ. ಬಿದ್ದ ಮೇಲೆ ನಾಲ್ಕು ಹೆಜ್ಜೆ ಕಾಲೂರಲು ಆಗದಿದ್ದರೆ ಎಕ್ಸ್‌ರೇ ಕಡ್ಡಾಯ. ಎಕ್ಸ್‌ರೇ ಸರಿಯಿದ್ದೂ ಹತ್ತು ದಿನಕ್ಕೆ ಆ ಜಾಗದ ನೋವು ಇಳಿಯದಿದ್ದರೆ, "ಸ್ನೋಬೋರ್ಡ್‌ನಲ್ಲಿ ಬಿದ್ದೆ, ಸಿಟಿ ಬೇಕಾ?" ಎಂದು ನೀವೇ ಬಾಯಿಬಿಟ್ಟು ಕೇಳಿ. ನಮ್ಮ ಕಡೆಯ ಡಾಕ್ಟರುಗಳು ದಿನಾ ನೋಡುವುದು ಬೈಕ್ ಅಪಘಾತ. ಹಿಮದ ಮಾತು ನೀವು ಹೇಳದೆ ಅವರಿಗೆ ಹೇಗೆ ಹೊಳೆಯಬೇಕು?

ಹೋಗುವ ಮೊದಲ ತಯಾರಿಗೆ ಜಿಮ್ಮೇ ಬೇಕೆಂದಿಲ್ಲ. ದೇವರಾಯನದುರ್ಗಕ್ಕೋ ಸಿದ್ಧಗಂಗೆಯ ಬೆಟ್ಟಕ್ಕೋ ಹತ್ತಿ ಬನ್ನಿ, ಆದರೆ ಗಮನ ಇಳಿಯುವುದರ ಮೇಲಿರಲಿ. ಮೆಟ್ಟಿಲನ್ನು ನಿಧಾನವಾಗಿ, ಮೊಣಕಾಲು ಬಗ್ಗಿಸಿ, ಸದ್ದಾಗದಂತೆ ಇಳಿಯಿರಿ. ತೊಡೆ ನಡುಗುತ್ತದೆ, ನಡುಗಲಿ. ಮನೆಯಲ್ಲಿ ಹಲ್ಲುಜ್ಜುವಾಗ ಒಂಟಿ ಕಾಲಲ್ಲಿ ನಿಲ್ಲಿ. ಉಳುಕಿನಿಂದ ಚೇತರಿಸಿಕೊಂಡವರು ಮತ್ತೆ ಹಿಮಕ್ಕೆ ಹೋಗಬಹುದಾ ಎಂದು ಕೇಳಿದರೆ, ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿಸುತ್ತೇನೆ. ಒಳ್ಳೆಯ ಕಾಲು ಎಷ್ಟು ಸಲ ಎತ್ತುತ್ತದೋ ನೊಂದ ಕಾಲೂ ಹತ್ತಿರ ಹತ್ತಿರ ಅಷ್ಟೇ ಎತ್ತಬೇಕು. ಆಮೇಲೆ ಅದೇ ಕಾಲಲ್ಲಿ ಕುಂಟೆಬಿಲ್ಲೆ ಆಡುವ ಹಾಗೆ ಮುಂದಕ್ಕೂ ಪಕ್ಕಕ್ಕೂ ನೋವಿಲ್ಲದೆ ಜಿಗಿಯಬೇಕು. ಅಲ್ಲಿಯವರೆಗೆ ಟಿಕೆಟ್ ಮಾಡಿಸಬೇಡಿ.

ಬಾಡಿಗೆ ಅಂಗಡಿಯಲ್ಲಿ ಅವಸರ ಮಾಡಬೇಡಿ. ಬೆಳಿಗ್ಗೆ ಅಲ್ಲಿ ನೂಕುನುಗ್ಗಲು ಇರುತ್ತದೆ, ಸಾಧ್ಯವಾದರೆ ಹಿಂದಿನ ಸಂಜೆಯೇ ಹೋಗಿ. ಹಿಮ್ಮಡಿಯನ್ನು ನೆಲಕ್ಕೆ ಕುಟ್ಟಿ ಹಿಂದಕ್ಕೆ ಕೂರಿಸಿ, ಆಮೇಲೆ ಲೇಸು ಬಿಗಿಯಿರಿ. ಕಾಲು ಗಂಟೆ ತೊಟ್ಟುಕೊಂಡೇ ಇರಿ, ಮೊಣಕಾಲು ಬಗ್ಗಿಸಿ, ತುದಿಗಾಲಲ್ಲಿ ನಿಲ್ಲಿ. ನಂತರ ಬಿಚ್ಚಿ, ಕಾಲುಚೀಲ ತೆಗೆದು ಚರ್ಮ ನೋಡಿ. ಪಾದದ ತುಂಬಾ ತಿಳಿಗೆಂಪಿದ್ದರೆ ಪರವಾಗಿಲ್ಲ. ಒಂದೇ ಜಾಗದಲ್ಲಿ ರೂಪಾಯಿ ಅಗಲ ಕೆಂಪಾಗಿದ್ದರೆ ಆ ಜಾಗ ತೋರಿಸಿ ಬೇರೆ ಬೂಟು ಕೇಳಿ. ಎರಡನೆಯದೂ ಆಗದಿದ್ದರೆ ಮೂರನೆಯದು ಕೇಳಿ.